ಗುಡುಸಾಬನ ಫೈಲಿನ ನಾಲ್ಕು ಪುಟ

೧೯-೧೦-೧೯೮೨, ಮಂಗಳವಾರ. ರಾಯಚೂರು

ಅನ್ಯಾಯ ನಡೆದದ್ದು ೧೯೮೧ನೇ ಇಸವಿ ಫೆಬ್ರುವರಿ ಏಳನೇ ತಾರೀಖು. ಪ್ರತಿ ಕಾಗದದಲ್ಲೂ ಇದೇ ಮೊದಲ ಸಾಲು. ಇವತ್ತು ದಿಲ್ಲಿಗೆ ಹಾಕಿದ್ದು ಐದನೆಯದು. ನಾಲ್ಕಕ್ಕೂ ಉತ್ತರವಿಲ್ಲ.

ಆ ದಿನ ಭಾರತದ ಸ್ಕೀ ತಂಡ ದಿಲ್ಲಿಯಿಂದ ಆಸ್ಟ್ರಿಯಾಕ್ಕೆ ಹೋಯಿತು. ಹಿಮದ ಗುಡ್ಡದ ಮೇಲಿಂದ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಪಂದ್ಯ. ಪಟ್ಟಿಯಲ್ಲಿ ಐದು ಹೆಸರು. ವಿಮಾನ ಹತ್ತಿದವರು ನಾಲ್ಕು. ಐದನೆಯವನು ಗಬ್ಬೂರಿನ ಕುರುಬರ ಗದ್ದೆಪ್ಪನ ಮಗ ಗುಡುಸಾಬ. ನನ್ನ ಕೈಯಲ್ಲಿ ಅ ಆ ಕಲಿತವನು, ಈಗ ಮಿಲಿಟರಿಯಲ್ಲಿ ನಾಯಕ್. ಗಂಟು ಹಿಡಿದು ಹೊರಗೆ ನಿಂತಿದ್ದನಂತೆ. ಪಾಸ್‌ಪೋರ್ಟ್ ಆಗಿರಲಿಲ್ಲ. "ವಿಚಾರಣೆ ಬಾಕಿ" — ಇಷ್ಟೇ ಕಾರಣ.

ಏನು ಬಾಕಿ? ಹೆಸರು ಗುಡುಸಾಬ, ಧರ್ಮ ಹಿಂದೂ, ತಂದೆ ಗದ್ದೆಪ್ಪ. ಯಾವನೋ ಅಧಿಕಾರಿಗೆ ಇದು ತಾಳೆಯಾಗಲಿಲ್ಲ. ನಮ್ಮ ಕಡೆ ಇದರಲ್ಲಿ ಏನು ವಿಶೇಷ? ಇವನ ತಾಯಿ ಕರೆಮ್ಮನಿಗೆ ಎರಡು ಕೂಸು ಹೋಗಿದ್ದವು. ಮೂರನೆಯದು ಉಳಿದರೆ ಮೊಹರಂನಲ್ಲಿ ಅಲಾಯಿ ಪೀರ ಹಿಡಿಯುವ ಗುಡುಸಾಬಜ್ಜನ ಹೆಸರು ಇಡುತ್ತೇನೆಂದು ಹರಕೆ ಹೊತ್ತಳು. ಉಳಿಯಿತು. ಇಟ್ಟಳು. ಅದನ್ನೇ ನಾನು ಗಬ್ಬೂರು ಶಾಲೆಯ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಹೆಸರು ಕೇಳಿ ಮನುಷ್ಯನನ್ನು ಅಳೆಯುವುದನ್ನು ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮರೆತಿಲ್ಲ. ಅದಕ್ಕೇ, ೧೯೮೦ರಲ್ಲಿ ಮಾನ್ವಿಯಲ್ಲಿ ಹೆಡ್ ಮಾಸ್ತರನಾಗಿದ್ದಾಗ ಇವನ ಹೆಸರಿನ ಬಗ್ಗೆಯೇ ಯಾವುದೋ ವಿಚಾರಣೆ ಕಾಗದ ಬಂದರೆ, ನಾಲ್ಕು ಪುಟ ಬರೆದು ಬಾಯಿ ಮುಚ್ಚಿಸಿದ್ದೆ. ಕಾರ್ಬನ್ ಪ್ರತಿ ಇಟ್ಟಿದ್ದೇನೆ. ಒಳ್ಳೆಯ ಬರಹ.

ಬಂಡೆಮ್ಮ ಅಡುಗೆಮನೆಯಿಂದ: "ಐಸ್ ಕ್ಯಾಂಡಿ ಮ್ಯಾಲ ಜಾರೋದಕ್ಕ ಇಷ್ಟು ಕಾಗದ ಏನ್ರೀ. ಪೋಸ್ಟಿಗೆ ಹೋಗಿ ಹೋಗಿ ನಿಮ್ಮ ಚಪ್ಪಲಿ ಸವದಾವ."

ಮದುವೆಯಾದ ಮೂವತ್ತೇಳು ವರ್ಷದಿಂದ ಹೀಗೇ.

೨೩-೧೦-೧೯೮೨, ಶನಿವಾರ. ಗಬ್ಬೂರು

ಬೆಳಿಗ್ಗೆ ದೇವದುರ್ಗದ ಬಸ್ಸಿಗೆ ಬಂದೆ. ನಿಂತೇ ಬಂದೆ. ಗುಡುಸಾಬ ಅಲಾಯಿ ಹಬ್ಬಕ್ಕೆ ರಜೆ ಮೇಲೆ ಬಂದಿದ್ದಾನೆ. ಹರಕೆಯ ಮಗ, ಎಲ್ಲಿದ್ದರೂ ಕೊರಳಿಗೆ ಹರಕೆಯ ಲಾಡಿ ಕಟ್ಟಿ ಫಕೀರನಾಗಲು ಬರಲೇಬೇಕು. ಮುಖ ಸುಟ್ಟ ರೊಟ್ಟಿಯಂತೆ ಕಪ್ಪು, ಕನ್ನಡಕ ಹಾಕುವ ಜಾಗ ಮಾತ್ರ ಬಿಳುಪು. ಹಿಮದ ಬಿಸಿಲಿಗೆ ಹಾಗಾಗುತ್ತದಂತೆ. ಊರ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ತಂಡದ ಬಗ್ಗೆ ಕೇಳಿದೆ. ಗ್ರಂಥಾಲಯದಲ್ಲಿ ಸ್ಕೀ ಬಗ್ಗೆ ಇರುವುದನ್ನೆಲ್ಲ ಓದಿದ್ದೇನೆ. ಇವನು ಹೇಳುವುದು ಅಲ್ಲಿಲ್ಲ. ಕ್ಯಾಪ್ಟನ್ ಕಾಶ್ಮೀರದವನು, ಮೊದಲು ಪ್ರವಾಸಿಗರ ಕುದುರೆ ನಡೆಸುತ್ತಿದ್ದ. ಇಬ್ಬರು ಹಿಮಾಚಲದ ಅಣ್ಣತಮ್ಮ. ಲಡಾಖಿನ ದೋರ್ಜೆ. ಮತ್ತೆ ಇವನು. ಹಲಗೆಗಳು ಯಾರೋ ವಿದೇಶಿಯರು ಬಿಟ್ಟುಹೋದವು. ತಲೆಗೆ ಮೋಟಾರ್‌ಸೈಕಲ್ ಹೆಲ್ಮೆಟ್. ಬೂಟು ದೊಡ್ಡವಾದರೆ ಒಳಗೆ ಪೇಪರ್ ತುರುಕುವುದು. ಮೇಲೆ ಎಳೆಯುವ ಯಂತ್ರ ಕೆಟ್ಟರೆ ಹಲಗೆ ಹೆಗಲಿಗೆ ಹೊತ್ತು ಎರಡು ತಾಸು ಹತ್ತುವುದು, ಎರಡು ನಿಮಿಷದಲ್ಲಿ ಇಳಿಯುವುದು.

"ಹಲಗಿಗೆ ಮೇಣ ಹಚ್ಚಬೇಕ್ರಿ ಮಾಸ್ತರ. ನಮ್ಮ ಹತ್ತಿರ ಎಲ್ಲಿಂದ. ಮೇಣಬತ್ತಿ ಕರಗಿಸಿ ಇದ್ದಿಲ ಇಸ್ತ್ರಿಲೆ ತಿಕ್ಕತೀವಿ. ಆಸ್ಟ್ರಿಯಾದಾಗ ಅದನ್ನ ನೋಡಿ ಒಬ್ಬಾಂವ ಫೋಟೋ ತಕ್ಕೊಂಡನಂತ."

"ಹೆದರಿಕಿ ಆಗಂಗಿಲ್ಲೇನೋ?"

"ಆಗತೈತ್ರಿ. ನಿಂತಾಗ. ಬಿಟ್ಟಮ್ಯಾಲ ಹೆದರಾಕ ಟೈಮ್ ಎಲ್ಲೈತ್ರಿ."

ಸಂಜೆ ಊರ ಹೊರಗಿನ ಗುಡ್ಡಕ್ಕೆ ಕರೆದುಕೊಂಡು ಹೋದ. ಆನೆಯ ಬೆನ್ನಿನಂಥ ಹಾಸುಬಂಡೆ. ಕುರಿ ಕಾಯುವವರ ಮಕ್ಕಳು ಎಣ್ಣೆಡಬ್ಬಿಯ ತಗಡು ಬಿಚ್ಚಿ, ಅದರ ಮೇಲೆ ಕೂತು ಜಾರುತ್ತಿದ್ದ ಜಾಗ. ಇವನು ಮಾತ್ರ ಕೂರುತ್ತಿರಲಿಲ್ಲ, ನಿಲ್ಲುತ್ತಿದ್ದ. ಅದಕ್ಕೆ ನನ್ನಿಂದ ಛಡಿ ಏಟು ತಿಂದಿದ್ದಾನೆ, ನೆನಪಿದೆ. ಇವತ್ತೂ ಒಂದು ತಗಡು ತಂದಿದ್ದ. ಅದರ ಮೇಲೆ ನಿಂತ. ಮೊಣಕಾಲು ಮಡಿಸಿ, ಎದೆಯನ್ನು ತೊಡೆಗೆ ಹಚ್ಚಿ, ಕುರಿ ಕೋಲನ್ನು ಕಂಕುಳಲ್ಲಿ ಒತ್ತಿಕೊಂಡ. ಬಿಟ್ಟ. ತಗಡು ಬಂಡೆಗೆ ಕಿರುಗುಟ್ಟಿದ್ದಷ್ಟೇ ಗೊತ್ತು. ನಾನು ಉಸಿರು ಬಿಡುವುದರೊಳಗೆ ಕೆಳಗೆ ಜಾಲಿ ಗಿಡದ ಪಕ್ಕ ನಿಂತಿದ್ದ.

ಕೆಳಗಿನಿಂದ ಕರೆಮ್ಮ ಕೂಗಿದಳು: "ಲೇ ಭಾಡ್ಯಾ, ಚಡ್ಡಿ ಹರಕೊಳ್ಳೋ ವಯಸ್ಸೇನಲೇ ನಿಂದು? ಮಾಸ್ತರ್ರ ಮುಂದ!"

ಬೈದವಳು ಕೊನೆಯವರೆಗೂ ಕಣ್ಣು ತೆಗೆದಿರಲಿಲ್ಲ.

ಹಿಂದಿರುಗುವಾಗ ದೋರ್ಜೆಯ ಮಾತು ಬಂತು. ನೇರ ಇಳಿಯುವ ಓಟ ಗುಡುಸಾಬನದು. ದೋರ್ಜೆಯದು ಕಂಬ ಸುತ್ತಿ ಬರುವ ಓಟ, ವೇಗ ಕಡಿಮೆ. ಇವನಿಲ್ಲವೆಂದು ಆ ಸಲ ದೋರ್ಜೆ ನೇರ ಓಟಕ್ಕೆ ಇಳಿದ. ದೇಶದ ಹೆಸರು ಕರೆದಾಗ ಯಾರೂ ಬರಲಿಲ್ಲ ಅನ್ನಿಸಿಕೊಳ್ಳಬಾರದೆಂದು ತಾನೇ ಹೇಳಿ ಇಳಿದನಂತೆ. ಎರಡನೇ ತಿರುವಿನಲ್ಲಿ ಬಿದ್ದ. ಮೊಣಕಾಲು ಹೋಯಿತು. ಈಗ ಕೋಲು ಹಿಡಿದು ನಡೆಯುತ್ತಾನೆ, ತಂಡದ ಹಲಗೆಗೆ ಮೇಣ ಹಚ್ಚಿಕೊಡುತ್ತಾನೆ.

"ನನ್ನ ಕಾಲು ಹೋಗಬೇಕಿತ್ರಿ ಅದು," ಅಂದ. "ಇಲ್ಲಾ, ಯಾರದೂ ಹೋಗ್ತಿರಲಿಲ್ಲ."

ಬರುವ ಫೆಬ್ರುವರಿಗೆ ತಂಡ ಮತ್ತೆ ಹೊರಡುತ್ತದೆ. ಇವನಿಗೆ ಇಪ್ಪತ್ತೆಂಟು. ಇದೇ ಕೊನೆಯ ಸಲ ಅಂತ ಕ್ಯಾಪ್ಟನ್ ಹೇಳಿದ್ದಾನೆ. ಜನವರಿ ಹದಿನೈದರೊಳಗೆ ಪಾಸ್‌ಪೋರ್ಟ್ ಇರಬೇಕು. ಫೈಲು ಇನ್ನೂ ಅಲ್ಲೇ ಇದೆ. ಬಾಕಿ.

೨೯-೧೦-೧೯೮೨, ಶುಕ್ರವಾರ

ನಿನ್ನೆ ಹಬ್ಬ ಮುಗಿಯಿತು. ಗುಡುಸಾಬ ಕೊರಳ ಲಾಡಿ ಬಿಚ್ಚಿ, ಯೂನಿಫಾರ್ಮ್ ಹಾಕಿ ರೈಲು ಹತ್ತಿದ.

ರಾಯಚೂರಿಗೆ ಬಂದವನೇ ಜಂಬಣ್ಣನ ವಾರಪತ್ರಿಕೆಗೆ ಕಾಗದ ಬರೆದೆ. ದಿಲ್ಲಿಯವರು ಓದದಿದ್ದರೆ ಊರಿನವರಾದರೂ ಓದಲಿ. ಕೊನೆಯ ಸಾಲು: "ಈ ಫೈಲನ್ನು ನಿಲ್ಲಿಸಿದ ವ್ಯಕ್ತಿ ಯಾರು? ಆತ ಬಹಿರಂಗವಾಗಿ ಉತ್ತರಿಸಬೇಕು."

"ವ್ಯಕ್ತಿ" ಅನ್ನುವುದರ ಕೆಳಗೆ ಗೆರೆ ಎಳೆದಿದ್ದೇನೆ. ಕಚೇರಿ ತಪ್ಪು ಮಾಡುವುದಿಲ್ಲ. ಮಾಡುವವನು ಒಬ್ಬ ಮನುಷ್ಯ. ಅವನಿಗೆ ಹೆಸರಿರುತ್ತದೆ.

೧೨-೧೧-೧೯೮೨, ಶುಕ್ರವಾರ

ಅಚ್ಚಾಗಿದೆ. ಮೊದಲ ಪುಟ. ತೀನ್ ಕಂದೀಲ್ ಹತ್ತಿರದ ಹೋಟೆಲಿನಲ್ಲಿ ಗಟ್ಟಿಯಾಗಿ ಓದಿದರು. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಹಣ್ಣಿನ ಅಂಗಡಿಯ ವಲಿ ಪಾಷಾ ಕೈ ಹಿಡಿದು, "ಮಾಸ್ತರ್ ಸಾಬ್, ನಮ್ಮ ಹೆಸರು ಇಟ್ಕೊಂಡ ಹುಡುಗಗ ಹಿಂಗ ಆತಂದ್ರ ನಮಗೂ ತಟ್ಟತೈತ್ರಿ," ಅಂದ. ಎರಡು ಮೋಸಂಬಿ ಚೀಲಕ್ಕೆ ಹಾಕಿದ.

ಮನೆಗೆ ಬಂದು ಕಾಗದವನ್ನು ನಾನೇ ಮತ್ತೆ ಎರಡು ಸಲ ಓದಿದೆ. ಕೂರಲಾಗುವುದಿಲ್ಲ. ಫೈಲು ನೋಡಬೇಕು. ಆ ಮನುಷ್ಯನ ಹೆಸರು ಬೇಕು. ವಿಚಾರಣೆಯ ಕಾಗದಗಳು ದೇವದುರ್ಗದಲ್ಲಿ ಒಂದು ಕಚೇರಿಯಲ್ಲಿವೆ ಅಂತ ತಿಳಿಯಿತು. ಅಲ್ಲಿ ಗುಮಾಸ್ತ ಮಹಮ್ಮದ್ ಹುಸೇನ್, ಮಾನ್ವಿಯಲ್ಲಿ ನನ್ನ ವಿದ್ಯಾರ್ಥಿ.

೨೪-೧೧-೧೯೮೨, ಬುಧವಾರ. ಸಂಜೆ ಆರು

ದೇವದುರ್ಗಕ್ಕೆ ಹೋಗಿದ್ದೆ. ಫೈಲು ನೋಡಿದೆ.

ನಾಳೆ ಬರೆಯುತ್ತೇನೆ.

೩-೧೨-೧೯೮೨, ಶುಕ್ರವಾರ

ಒಂಬತ್ತು ದಿನ. ಬರೆಯಲಿಲ್ಲ. ಗ್ರಂಥಾಲಯಕ್ಕೂ ಹೋಗಲಿಲ್ಲ. ಹೋಟೆಲಿನ ಮುಂದೆ ಹಾಯಬಾರದೆಂದು ಸ್ಟೇಷನ್ ರಸ್ತೆಯಿಂದ ಸುತ್ತಿ ಬರುತ್ತಿದ್ದೇನೆ.

ಈಗ ಬರೆಯುತ್ತೇನೆ.

ಮಹಮ್ಮದ್ ಹುಸೇನ್ ಎದ್ದು ನಿಂತು ಕುರ್ಚಿ ಕೊಟ್ಟ. ಚಹಾ ತರಿಸಿದ. ಕೆಂಪು ಅರಿವೆಯ ಗಂಟು ಬಿಚ್ಚಿ ಫೈಲು ತೆಗೆದ. ಧೂಳು ಜಾಡಿಸಿದ. ಯಾರು ನಿಲ್ಲಿಸಿದ್ದು, ಹೆಸರು ಹೇಳು ಅಂದೆ. ಅವನು ಮುಖ ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡನೋ ಏನೋ. ಫೈಲು ನನ್ನ ಕಡೆ ತಿರುಗಿಸಿದ.

ಮೇಲೆ ನನ್ನ ಅಕ್ಷರ. ನಾಲ್ಕು ಪುಟ.

ಕೆಳಗೆ ಅವರು ನನಗೆ ಕಳಿಸಿದ್ದ ಕಾಗದದ ಪ್ರತಿ. ಮೂರು ಪ್ರಶ್ನೆ. ಗುಡುಸಾಬ ಎಂಬುವನು ನಿಮ್ಮಲ್ಲಿ ಓದಿದ್ದಾನೆಯೇ? ಅವನ ತಂದೆ ಗದ್ದೆಪ್ಪನೇ? ಹೆಸರಿಗೂ ಧರ್ಮಕ್ಕೂ ತಾಳೆಯಾಗದಿರಲು ಕಾರಣವೇನು? ಪಾಸ್‌ಪೋರ್ಟಿಗೆ ಅಂತ ಎಲ್ಲೂ ಬರೆದಿರಲಿಲ್ಲ. ಅದು ನಿಜ. ಆದರೆ ಕೇಳಿದ್ದು ಅಷ್ಟೇ. ಮೂರು ಸಾಲಿನ ಜಾಗ ಬಿಟ್ಟಿದ್ದರು.

ನಾನು ಮೂರನೆಯದಕ್ಕೆ ನಾಲ್ಕು ಪುಟ ಬರೆದಿದ್ದೆ. ನಿಜಾಮನ ಕಾಲದಿಂದ ಶುರು. ಅಲಾಯಿಯ ಬೆಂಕಿ ಕುಣಿಯ ಮುಂದೆ ಯಾರು ಯಾರು ಸಕ್ಕರೆ ಓದಿಸುತ್ತಾರೆ, ಎಷ್ಟು ಊರಲ್ಲಿ, ಯಾವ ಜಾತಿ. ನಲವತ್ತೆಂಟು. ಜನಗಣತಿಯ ಅಂಕಿ ಅಂಶ. ಕಡೆಗೆ: "ಇಂಥ ಪ್ರಶ್ನೆ ಕೇಳುವ ಅಧಿಕಾರವನ್ನೇ ನಾನು ಒಪ್ಪುವುದಿಲ್ಲ. ಆದ್ದರಿಂದ ಉತ್ತರಿಸಲು ನಿರಾಕರಿಸುತ್ತೇನೆ." ಸಹಿ. ಸೀಲು.

ಅದರ ಅಂಚಿಗೆ ಕೆಂಪು ಮಸಿ: "ಶಿಕ್ಷಕರು ಗುರುತಿಸಲು ನಿರಾಕರಿಸಿದ್ದಾರೆ. ಬಾಕಿ ಇಡುವುದು."

ಮಹಮ್ಮದ್ ಹುಸೇನ್ ಹೇಳಿದ: "ಬರವಣಿಗಿ ಭಾಳ ಚಲೋ ಅದ ಮಾಸ್ತರ್ ಸಾಬ್. ನಮ್ಮ ಸಾಹೇಬ್ರು ಎರಡು ಸರ್ತಿ ಓದಿದ್ರು. ಆಮ್ಯಾಲ ನನಗ ಕೊಟ್ಟು, ಇದರಾಗ ಹೌದು ಅಂತ ಎಲ್ಲಿ ಬರದಾನ ಹುಡಕು ಅಂದ್ರು. ನಾನೂ ಹುಡಕಿದೆ. ಸಿಗಲಿಲ್ರಿ."

"ನಿನಗ ಗೊತ್ತಿತ್ತಲ್ಲೋ, ಗಬ್ಬೂರ ಗುಡುಸಾಬ ಯಾರಂತ."

"ನನ್ನ ಹೆಸರು ಮಹಮ್ಮದ್ ಹುಸೇನ್ ರೀ. ನಾ ಹೇಳಿದ್ರ ಕೇಳತಿದ್ರೇನು? ಅದಕ್ಕ ನಿಮಗ ಬರಿಸಿದ್ದು. ನೀವು ಹೇಳಿದ್ರ ಕೇಳತಿದ್ರು."

ಚಹಾ ಆರಿಹೋಗಿತ್ತು.

ಈಗ ಏನು ಮಾಡಬೇಕು ಅಂತ ಕೇಳಿದೆ. ಒಂದು ಸಾಲು ಬರೆದುಕೊಡಬೇಕು. ಇವನೇ ಅವನು. ಮತ್ತೆ, ಮೊದಲಿನ ಕಾಗದ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಇಂಥ ಕಾರಣಕ್ಕೆ ಅಂತ. "ಹತ್ತನೇ ತಾರೀಖಿನ ಒಳಗ ಕೊಡ್ರಿ. ಆಮ್ಯಾಲ ಎಲ್ಲಾರೂ ಎಲೆಕ್ಷನ್ ಡ್ಯೂಟಿ. ಯಾರೂ ಸಿಗಂಗಿಲ್ಲ."

ಅಲ್ಲೇ ಬರೆಯಬಹುದಿತ್ತು. ಪೆನ್ನು ಜೇಬಿನಲ್ಲಿತ್ತು. ಯೋಚಿಸಿ ಬರುತ್ತೇನೆ ಅಂದೆ. ಏನು ಯೋಚನೆ? ಬರೆದುಕೊಟ್ಟರೆ ಫೈಲಿನಲ್ಲಿ ಉಳಿಯುತ್ತದೆ. ಜಂಬಣ್ಣ ಒಂದಲ್ಲ ಒಂದು ದಿನ ಫೈಲು ನೋಡುತ್ತಾನೆ. ಒಂಬತ್ತು ದಿನ ಇದೇ ಯೋಚನೆ. ಗುಡುಸಾಬನದಲ್ಲ. ನನ್ನದು.

ಇವತ್ತು ಊಟಕ್ಕೆ ಕೂತಾಗ ಬಂಡೆಮ್ಮ ತಾಟು ಎಳೆದುಕೊಂಡಳು. "ಏನಾಗೈತಿ ಹೇಳಿ ಉಣ್ರಿ." ಹೇಳಿದೆ. ಎಲ್ಲಾ. ಬಯ್ಯುತ್ತಾಳೆ ಅಂದುಕೊಂಡೆ. ರೊಟ್ಟಿ ಮುರಿದು ತಾಟಿಗೆ ಹಾಕಿ ನನ್ನ ಕಡೆ ಸರಿಸಿದಳು.

"ಅಂವ ಕೇಳಿದ್ದು ಹೌದೋ ಅಲ್ಲೋ ಅಂತ. ನನಗೂ ನೀವು ಮೂವತ್ತೇಳು ವರ್ಷದಾಗ ಒಂದಿನ ಹೌದು ಅಂದಿಲ್ಲ ಬಿಡ್ರಿ. ನಾ ಗುಡ್ಡ ಇಳಿಯಾಕ ಹೊಂಟಿರಲಿಲ್ಲ, ನಡೀತು."

೬-೧೨-೧೯೮೨, ಸೋಮವಾರ. ದೇವದುರ್ಗ

ಬರೆದುಕೊಟ್ಟೆ. "ಹೌದು. ಇವನೇ ಗದ್ದೆಪ್ಪನ ಮಗ ಗುಡುಸಾಬ. ನಾನೇ ಓದಿಸಿದ್ದೇನೆ. ನನ್ನ ಮೊದಲಿನ ಕಾಗದ ಹಿಂತೆಗೆದುಕೊಂಡಿದ್ದೇನೆ. ಕಾರಣ: ಅದರಲ್ಲಿ ಪ್ರಶ್ನೆಗೆ ಉತ್ತರ ಇರಲಿಲ್ಲ. — ವಿರೂಪಣ್ಣ, ನಿವೃತ್ತ ಮುಖ್ಯೋಪಾಧ್ಯಾಯ."

ಮೂರೂವರೆ ಸಾಲು. ಇದಕ್ಕೆ ಎರಡು ವರ್ಷ.

ಮಹಮ್ಮದ್ ಹುಸೇನ್ ನನ್ನ ಕಣ್ಣ ಮುಂದೆಯೇ ಲಕೋಟೆಗೆ ಹಾಕಿ ಅಂಟಿಸಿದ. ಮೇಲೆ "ಅರ್ಜೆಂಟ್" ಅಂತ ಬರೆದ. "ಈ ಸರ್ತಿ ಸಾಹೇಬ್ರಿಗೆ ಎರಡು ಸಲ ಓದಾಕ ಏನೂ ಉಳಿದಿಲ್ಲ ನೋಡ್ರಿ," ಅಂದ. ನಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದ. ಸೀಟು ಹಿಡಿದುಕೊಟ್ಟ.

ಬಸ್ಸು ಗಬ್ಬೂರಿನಲ್ಲಿ ನಿಂತಿತು. ಕರೆಮ್ಮ ಬುಟ್ಟಿ ಹೊತ್ತು ದಾಟುತ್ತಿದ್ದಳು. ಕಿಟಕಿಯಿಂದ ಮುಖ ಒಳಗೆ ಎಳೆದುಕೊಂಡೆ.

೧೯-೧-೧೯೮೩, ಬುಧವಾರ

ಚುನಾವಣೆ ಮುಗಿದು ಸರ್ಕಾರವೇ ಬದಲಾಯಿತು. ಊರೆಲ್ಲ ಅದೇ ಮಾತು. ನನ್ನ ಕಿವಿ ಮಾತ್ರ ಪೋಸ್ಟಿನವನ ಸೈಕಲ್ ಗಂಟೆಗೆ.

ಇವತ್ತು ಇನ್‌ಲ್ಯಾಂಡ್ ಬಂತು. ಗುಡುಸಾಬನದು. ಪಾಸ್‌ಪೋರ್ಟ್ ಹದಿಮೂರಕ್ಕೆ ಕೈಗೆ ಬಂದಿದೆ. ಎರಡು ದಿನ ತಡವಾಗಿದ್ದರೆ ಹೋಗಿತ್ತು. "ನಿಮ್ಮ ಪೇಪರಿನ ಕಾಗದಕ್ಕ ಅವರು ಹೆದರ್ಯಾರ್ರಿ ಮಾಸ್ತರ," ಅಂತ ಬರೆದಿದ್ದಾನೆ. ದೋರ್ಜೆಯೂ ಹೋಗುತ್ತಾನಂತೆ. ಮೇಣ ಹಚ್ಚಲು.

ಹೋಟೆಲಿನಲ್ಲಿ ಸುದ್ದಿ ಹೇಳಿದೆ. ಚಪ್ಪಾಳೆ. ಜಂಬಣ್ಣ ಬೆನ್ನು ತಟ್ಟಿದ. ಆಗ ಹೇಳಬಹುದಿತ್ತು.

೨-೩-೧೯೮೩, ಬುಧವಾರ

ರೇಡಿಯೋದಲ್ಲಿ ಒಂದು ಮಾತಿಲ್ಲ. ಪತ್ರಿಕೆಯಲ್ಲಿ ಒಂದು ಸಾಲಿಲ್ಲ. ಫೆಬ್ರುವರಿಯೆಲ್ಲ ಟ್ರಾನ್ಸಿಸ್ಟರ್ ಕಿವಿಗೆ ಇಟ್ಟುಕೊಂಡೇ ಕಳೆದೆ. ಇವತ್ತು ವಿದೇಶದ ಸ್ಟಾಂಪಿನ ಕಾಗದ. ಒಂದು ಭಾಗ ಇಲ್ಲಿ ಇಳಿಸುತ್ತೇನೆ.

"ಅರವತ್ತೊಂದು ಮಂದಿ ಮ್ಯಾಲಿಂದ ಬಿಟ್ರು. ನಲವತ್ತೆಂಟು ಮಂದಿ ಕೆಳಗ ಮುಟ್ಟಿದ್ರು. ನಾನು ನಲವತ್ತಾರನೆಯವ. ನಗಬ್ಯಾಡ್ರಿ. ನಮ್ಮ ಕ್ಯಾಪ್ಟನ್ ಬಿದ್ದು, ಒಂದು ಹಲಗಿ ಹೋಗಿ, ಒಂದರ ಮ್ಯಾಲ ಸ್ವಲ್ಪ ದೂರ ಹೋಗಿ ಆಮ್ಯಾಲ ಕೂತ. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ಅಣ್ಣತಮ್ಮ ಇಬ್ಬರೂ ಮುಟ್ಟಿದ್ರು, ನನಗಿಂತ ಮುಂದ. ದೋರ್ಜೆ ಬಿದ್ದಿದ್ನಲ್ರಿ, ಅಂಥದ್ದ ಒಂದು ತಿರುವು ಇಲ್ಲೂ ಐತಿ. ಅಲ್ಲಿ ಕಣ್ಣಿಗೆ ಕತ್ತಲಿ ಬಂತು. ನಮ್ಮೂರ ಗುಡ್ಡದ ಹಾಸುಬಂಡಿ ನೆನಪಾತು. ತಗಡಿನ ಮ್ಯಾಲ ನಿಂತಂಗ ನಿಂತೆ. ಮುಟ್ಟಿದೆ. ಕೆಳಗ ದೋರ್ಜೆ ಕೋಲು ಒಗದು ಕುಂಟಕೋತ ಬಂದು ಅಪ್ಪಿಕೊಂಡ.

ಮಾಸ್ತರ, ಒಂದು ಕೇಳತೀನ್ರಿ. ಅವತ್ತು ನನ್ನ ಫೈಲು ಯಾರು ನಿಲ್ಲಿಸಿದ್ರಂತ ಗೊತ್ತಾತೇನ್ರಿ? ನೀವು ಪೇಪರ್‌ನಾಗ ಕೇಳೀರಿ. ದೋರ್ಜೆಗೆ ಅದನ್ನ ಓದಿ ಹೇಳಿದ್ದೆ. ಅಂವ ಈಗೂ ಕೇಳತಾನ, ಉತ್ತರ ಬಂತೇನು ಅಂತ. ಅಂವಗ ಸಿಟ್ಟಿಲ್ರಿ. ಹೆಸರು ಗೊತ್ತಾಗಬೇಕು, ಅಷ್ಟ. ತನ್ನ ಕಾಲು ಯಾರ ಸಲುವಾಗಿ ಹೋತು ಅಂತ."

ಬಂಡೆಮ್ಮ ಓದಿಸಿಕೊಂಡಳು. ಕೊನೆಯ ಭಾಗ ನಾನು ಓದಲಿಲ್ಲ. ಅವಳಿಗೆ ಗೊತ್ತಾಯಿತು. "ಅಷ್ಟ ಏನು?" ಅಂದಳು. ಅಷ್ಟೇ ಅಂದೆ.

೧೩-೩-೧೯೮೩, ಭಾನುವಾರ

ಜಂಬಣ್ಣ ಇನ್ನಿಬ್ಬರನ್ನು ಕರೆದುಕೊಂಡು ಮನೆಗೆ ಬಂದಿದ್ದ. ಗುಡುಸಾಬ ರಜೆಯ ಮೇಲೆ ಬರುತ್ತಾನೆ, ಮುಂದಿನ ಭಾನುವಾರ ಸಭೆ. ಅವನಿಗೆ ಹಾರ. ನನಗೆ ಶಾಲು.

"ನಿಮ್ಮ ಲೇಖನಿ ಇಲ್ಲದಿದ್ರ ಏನೂ ಆಗತಿರಲಿಲ್ರಿ," ಅಂದ ಜಂಬಣ್ಣ.

ಅದು ನಿಜವೇ. ಅವನಿಗೆ ಗೊತ್ತಿಲ್ಲದ ಹಾಗೆ ನಿಜ.

ಬೇಡ ಅಂದೆ. ದೊಡ್ಡತನ ಅಂದರು. ಬಂಡೆಮ್ಮ ಚಹಾದ ಕಪ್ಪು ಇಡುತ್ತ, "ಶಾಲು ಬ್ಯಾಸಗಿಗಾ?" ಅಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಅವರು ಹೋದ ಮೇಲೆ ಭಾಷಣ ಬರೆಯಲು ಕೂತೆ. ನಿಜಾಮನ ಕಾಲದಿಂದ ಶುರುವಾಯಿತು. ಪುಟ ತಿರುವಿ ನೋಡಿದರೆ ನಾಲ್ಕು. ಮಾತು ಇನ್ನೂ ಫೈಲಿಗೆ ಬಂದಿರಲಿಲ್ಲ.

ಹರಿದು ಒಲೆಗೆ ಹಾಕಿದೆ. ಮಾನ್ವಿಯ ಕಾರ್ಬನ್ ಪ್ರತಿ ಹಾಕಲಿಲ್ಲ. ಅದು ಬೇಕು.

೨೦-೩-೧೯೮೩, ಭಾನುವಾರ. ಮಧ್ಯಾಹ್ನ ನಾಲ್ಕು

ಸಭೆ ಐದಕ್ಕೆ. ಗುಡುಸಾಬ, ಕರೆಮ್ಮ ಬಂದು ಪಡಸಾಲೆಯಲ್ಲಿ ಕೂತಿದ್ದಾರೆ. ಗೋಡೆಯಾಚೆಯ ಮಾತು ಕೇಳಿಸುತ್ತದೆ.

ಕರೆಮ್ಮ: "ಯವ್ವಾ, ಅಲ್ಲಿ ಗುಡ್ಡಕ್ಕ ಗುಡ್ಡಾನ ಬೆಳ್ಳಗ ಅಂತ. ಉಪ್ಪು ಸುರುವಿದಂಗ. ಇಂವಗ ಒಂದು ಕಂಬಳಿ ಕಟ್ಟಿಕೊಟ್ಟಿದ್ದೆ, ಹೊದ್ದಿಲ್ಲ. ಆ ಕುಂಟ ಹುಡುಗಗ ಕೊಟ್ಟು ಬಂದಾನ."

ಬಂಡೆಮ್ಮ: "ಚಲೋ ಮಾಡ್ಯಾನ ತಗೋ."

ಗುಡುಸಾಬ: "ಮಾಸ್ತರ್ರು ಏನು ಬರಿಯಾಕತ್ಯಾರ್ರಿ? ಭಾಷಣಾ?"

ಬಂಡೆಮ್ಮ: "ಈ ಸಲ ಸಣ್ಣದು ಅಂದಾರಪಾ. ನೋಡೂಣು."

ದೋರ್ಜೆಯ ವಿಳಾಸ ಗುಡುಸಾಬನಿಂದ ಬರೆಸಿಕೊಂಡೆ. ಯಾಕೆ ಅಂತ ಕೇಳಿದ. ಉತ್ತರ ಕಳಿಸಬೇಕು ಅಂದೆ. ನಾನು ಸಭೆಯಲ್ಲಿ ಹೇಳುವುದನ್ನು ಜಂಬಣ್ಣ ಬರೆದುಕೊಂಡು ಹಾಗೇ ಅಚ್ಚು ಹಾಕಲಿ, ಅದನ್ನೇ ಲಡಾಖಿಗೆ ಕಳಿಸುತ್ತೇನೆ. ಕಾರ್ಬನ್ ಪ್ರತಿ ಜೇಬಿನಲ್ಲಿದೆ. ಮಡಿಕೆ ಹರಿಯುತ್ತಿದೆ.

ಓದಬೇಕಾದದ್ದು ಇಷ್ಟು:

ಗಬ್ಬೂರಿನ ಗುಡುಸಾಬನ ಫೈಲು ೧೯೮೦ರಿಂದ ಎರಡು ವರ್ಷ ನಿಂತಿತ್ತು. ಅದರಿಂದ ಒಬ್ಬನ ಓಟ ಹೋಯಿತು, ಇನ್ನೊಬ್ಬನ ಕಾಲು ಹೋಯಿತು. ನಿಲ್ಲಿಸಿದ ವ್ಯಕ್ತಿ ಯಾರೆಂದು ನಾನು ಇದೇ ಊರಿನ ಪತ್ರಿಕೆಯಲ್ಲಿ ಕೇಳಿದ್ದೆ. ಆ ವ್ಯಕ್ತಿ ಈ ಸಭೆಯಲ್ಲಿದ್ದಾನೆ. ಅವನಿಗೆ ಶಾಲು ಹೊದಿಸುವ ಮೊದಲು ನೀವೆಲ್ಲರೂ ಅವನನ್ನು ಕೇಳಬೇಕು. ಅವನು ಎದ್ದು ನಿಂತು, ಗುಡುಸಾಬನ ಮುಖ ನೋಡಿ, ಒಂದೇ ಮಾತಿನಲ್ಲಿ ಉತ್ತರಿಸಬೇಕು. ನಿಲ್ಲಿಸಿದ್ದು ನೀನೋ, ಅಲ್ಲವೋ —

ಟಾಂಗಾ ಬಂತು. ಬಂಡೆಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ, ಆತೇನ್ರಿ ಅಂತ.

ಹೌದು.